ರಿವ್ಯೂ ಜಗಳಕ್ಕೆ ತಿರುಗಿದಾಗ ಮೇಂಟೇನರ್ ಏನು ಮಾಡಬೇಕು?

ಪ್ರಶ್ನೆ: ನಾನು ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಕೋಡ್ ಸಂಗ್ರಹ) ಮೇಂಟೇನರ್, ಅಂದರೆ ಅದರ ಉಸ್ತುವಾರಿ ನನ್ನದು. ಹೊಸಬರೊಬ್ಬರು ಕಳಿಸಿದ ಪುಲ್ ರಿಕ್ವೆಸ್ಟನ್ನು (ಕೋಡ್‌ಗೆ ತಮ್ಮ ಬದಲಾವಣೆ ಸೇರಿಸಿ ಎಂಬ ಕೋರಿಕೆ) ನಮ್ಮ ಹಳೇ ರಿವ್ಯೂವರ್ ನೋಡುತ್ತಿದ್ದಾರೆ. ನಾಲ್ಕು ದಿನದಿಂದ ಇಬ್ಬರಿಗೂ ಜಟಾಪಟಿ. 'ನಿಮಗೆ ಕೋಡ್ ಬರೆಯೋಕೆ ಬರುತ್ತಾ?' ಎಂದು ರಿವ್ಯೂವರ್ ಕೇಳುವವರೆಗೂ ಹೋಗಿದೆ. ಇಬ್ಬರೂ ಒಳ್ಳೆಯವರೇ. ಚರ್ಚೆಯನ್ನು ಲಾಕ್ ಮಾಡಿಬಿಡಲೇ?

ಉತ್ತರ: ಸ್ವಲ್ಪ ತಡೆಯಿರಿ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಚರ್ಚೆ ಲಾಕ್ ಆದರೂ ರೆಪೊಸಿಟರಿಗೆ (ಯೋಜನೆಯ ಕೋಡ್ ಇರುವ ಜಾಗಕ್ಕೆ) ಬರೆಯುವ ಅನುಮತಿ ಇರುವವರು ಕಮೆಂಟ್ ಹಾಕಬಹುದು. ನಿಮ್ಮ ರಿವ್ಯೂವರ್‌ಗೆ ಆ ಅನುಮತಿ ಇದ್ದರೆ ಬಾಯಿ ಕಟ್ಟುವುದು ಹೊಸಬರದ್ದು ಮಾತ್ರ. ಅವರ ಜಾಗದಲ್ಲಿ ನಿಂತು ನೋಡಿ, ಅದು ತೀರ್ಪಿನ ಹಾಗೇ ಕಾಣುತ್ತೆ ಅಲ್ವಾ? ಲಾಕ್ ಮಾಡಲೇಬೇಕು ಅನಿಸಿದರೆ ಎರಡು ದಿನಕ್ಕೆ ಮಾಡಿ. ಯಾಕೆ ಮಾಡಿದಿರಿ, ಯಾವಾಗ ತೆರೆಯುತ್ತೀರಿ ಎಂದು ಅಲ್ಲೇ ಬರೆಯಿರಿ. ಅಷ್ಟು ದಿನ ರಿವ್ಯೂವರ್ ಕೂಡ ಏನೂ ಬರೆಯಬಾರದು.

ಮೊದಲು ಆ 'ಬರುತ್ತಾ' ಮಾತಿನ ವಿಚಾರ. ಅದು ಕೋಡ್ ಬಗ್ಗೆ ಆಡಿದ ಮಾತಲ್ಲ, ಮನುಷ್ಯನ ಮೇಲೆ ಆಡಿದ್ದು. 'ಇಬ್ಬರೂ ಸಮಾಧಾನ ಮಾಡಿಕೊಳ್ಳಿ' ಅಂದರೆ ಬೈದವರನ್ನೂ ಬೈಸಿಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಂತೆ. 'ಈ ಮಾತು ಇಲ್ಲಿ ನಡೆಯುವುದಿಲ್ಲ' ಎಂದು ಎಲ್ಲರಿಗೂ ಕಾಣುವಂತೆ ಒಂದೇ ಸಾಲು ಬರೆಯಿರಿ. ಉಳಿದದ್ದನ್ನು ರಿವ್ಯೂವರ್ ಜೊತೆ ಖಾಸಗಿಯಾಗಿ ಮಾತಾಡಿ. ಅವರು ಸುಸ್ತಾಗಿರಬಹುದು. ವರ್ಷಗಟ್ಟಲೆ ಸಂಬಳವಿಲ್ಲದೆ ಬೇರೆಯವರ ತಪ್ಪು ಹುಡುಕುವುದು ಸುಲಭದ ಕೆಲಸವಲ್ಲ. ಅದನ್ನೂ ಅವರ ಬಾಯಿಂದಲೇ ಕೇಳಿಸಿಕೊಳ್ಳಿ.

ಆಮೇಲೆ ಕೂತು ಇಡೀ ಚರ್ಚೆಯನ್ನು ಓದಿ. ಬಗ್ ಯಾವುದು, ಬರೀ ಅಭಿರುಚಿ ಯಾವುದು ಎಂದು ಬೇರೆ ಮಾಡಿ. ಇಪ್ಪತ್ತು ಕಮೆಂಟ್ ಇದ್ದರೆ ನಿಜವಾಗಿ ಮರ್ಜ್ (ಕೋಡ್ ಸೇರಿಸಿಕೊಳ್ಳುವುದನ್ನು) ತಡೆಯಬೇಕಾದವು ಎರಡೋ ಮೂರೋ ಇರುತ್ತವೆ. ಹೆಸರು, ಸ್ಪೇಸು, ಬ್ರಾಕೆಟ್ಟು ಇವೆಲ್ಲ ಲಿಂಟರ್‌ಗೆ (ಕೋಡ್‌ನ ಶೈಲಿಯನ್ನು ತಾನೇ ಪರೀಕ್ಷಿಸುವ ಸಾಧನಕ್ಕೆ) ಬಿಡಿ. ಯಂತ್ರ ತಪ್ಪು ತೋರಿಸಿದರೆ ಯಾರಿಗೂ ಅವಮಾನ ಆಗುವುದಿಲ್ಲ.

ಉಳಿದ ಎರಡು ಮೂರು ಕಮೆಂಟನ್ನು ಬೇರೆ ಥರ ಬರೆಯಲು ಹೇಳಿ. 'ಇದನ್ನು ಯಾಕೆ ಹೀಗೆ ಮಾಡಿದ್ದೀರಿ?' ಅಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳೋಕೆ ಶುರು ಮಾಡುತ್ತಾರೆ. 'ಪಟ್ಟಿ ಖಾಲಿ ಬಂದರೆ ಈ ಫಂಕ್ಷನ್ ಕ್ರ್ಯಾಶ್ ಆಗುತ್ತೆ, ಅದಕ್ಕೊಂದು ಟೆಸ್ಟ್ ಸೇರಿಸ್ತೀರಾ?' ಅಂದರೆ ಟೆಸ್ಟ್ ಬರೆಯುತ್ತಾರೆ. ಹೇಳಿದ ದೋಷ ಅದೇ. ಆದರೆ ಎರಡನೆಯದರಲ್ಲಿ ಮುಂದೆ ಏನು ಮಾಡಬೇಕು ಅನ್ನುವುದಿದೆ.

ಆದರೂ ಒಪ್ಪಂದ ಆಗದಿದ್ದರೆ? ಆಗ ನಿರ್ಧಾರ ನಿಮ್ಮದು. ನಾಲ್ಕು ದಿನ ಎಳೆಯಲು ಬಿಟ್ಟದ್ದು ನನ್ನ ಪ್ರಕಾರ ನಿಮ್ಮ ಕಡೆಯ ತಪ್ಪು. ಕೊನೆಯ ಮಾತು ಯಾರದ್ದು ಅಂತ ಗೊತ್ತಿಲ್ಲದ ಕಡೆ ಪ್ರತಿಯೊಬ್ಬರೂ ಗೆಲ್ಲುವ ತನಕ ಬರೆಯುತ್ತಾರೆ. ಹಾಗಂತ ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳಬೇಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಒಂದು ಕೋಲನ್, ಒಂದು ಸಮ ಚಿಹ್ನೆ ಸೇರಿಸಿದ ಹೊಸ ಆಪರೇಟರ್ (:=) ಬೇಕೋ ಬೇಡವೋ ಎಂದು 2018ರಲ್ಲಿ ಭಾರೀ ವಾದ ನಡೆಯಿತು. ಪ್ರಸ್ತಾವ ಒಪ್ಪಿಗೆಯಾಯಿತು. ಆದರೆ ಆ ವಾದದಿಂದ ಬೇಸತ್ತು ಭಾಷೆಯ ಸೃಷ್ಟಿಕರ್ತ ಗೈಡೋ ವಾನ್ ರೋಸಮ್ ಕೊನೆಯ ತೀರ್ಮಾನ ಹೇಳುವ ಸ್ಥಾನವನ್ನೇ ಬಿಟ್ಟರು. 2019ರಿಂದ ಆ ಕೆಲಸವನ್ನು ಆಯ್ಕೆಯಾದ ಐದು ಜನರ ಸಮಿತಿ ನೋಡಿಕೊಳ್ಳುತ್ತಿದೆ. ನಿಮ್ಮದು ಸಣ್ಣ ಲೈಬ್ರರಿ, ಸಮಿತಿ ಬೇಡ. ಇನ್ನೊಬ್ಬ ಮೇಂಟೇನರ್ ಇದ್ದರೆ ಸಾಕು.

ಬರೆದು ಬರೆದು ಬಿಗಿದದ್ದು ಹತ್ತು ನಿಮಿಷದ ಕರೆಯಲ್ಲಿ ಸಡಿಲವಾಗುವುದುಂಟು. ಇಬ್ಬರೂ ಒಪ್ಪಿದರೆ ಮಾತ್ರ ಕರೆ ಮಾಡಿ. ಏನು ತೀರ್ಮಾನ ಆಯಿತು, ಯಾಕೆ ಅನ್ನುವುದನ್ನು ಪುಲ್ ರಿಕ್ವೆಸ್ಟ್‌ನಲ್ಲೇ ಬರೆದಿಡಿ. ಮುಂದೆ ಆ ಕೋಡ್ ಮುಟ್ಟುವವರಿಗೆ ಅದು ಬೇಕಾಗುತ್ತೆ.

ಇಷ್ಟಾದರೂ ಹೊಸಬರು ಬಿಟ್ಟು ಹೋಗಬಹುದು. ಬೆನ್ನು ಹತ್ತಬೇಡಿ, ಒಂದು ಕ್ಷಮೆ ಕೇಳಿ ಸುಮ್ನಾಗಿ. ಅವರ ಕೋಡನ್ನು ನೀವೇ ತಿದ್ದಿ ಮರ್ಜ್ ಮಾಡುವುದಾದರೆ ಕಮಿಟ್‌ನಲ್ಲಿ (ಬದಲಾವಣೆಯ ದಾಖಲೆಯಲ್ಲಿ) ಲೇಖಕರಾಗಿ ಅವರ ಹೆಸರೇ ಇರಲಿ.