ಮಾತು ಕಡಿಮೆ ಇರುವವರಿಗೆ ಯಾವ ಪದವಿ?

ಪ್ರಶ್ನೆ: ನಾನು ಬ್ಯಾಡಗಿ ತಾಲೂಕಿನ ವಿದ್ಯಾರ್ಥಿನಿ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಓದಿ ಸಿಇಟಿ ಬರೆದಿದ್ದೇನೆ. ಮೊದಲಿನಿಂದಲೂ ನನಗೆ ಮಾತು ಕಡಿಮೆ. ಮದುವೆಗೋ ಜಾತ್ರೆಗೋ ಹೋಗಿ ಬಂದರೆ ಮರುದಿನವೆಲ್ಲ ಒಬ್ಬಳೇ ಇರಬೇಕೆನಿಸುತ್ತದೆ. ತಂದೆಯವರದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ಸಂಜೆಯ ಲೆಕ್ಕ ನಾನೇ ಬರೆಯುತ್ತೇನೆ. ಹೋದ ವರ್ಷ ಒಂದೇ ಲಾಟಿನ ತೂಕ ಎರಡು ಸಲ ಸೇರಿದ್ದನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ಹುಡುಕಿ ತೆಗೆದೆ. ಹುಬ್ಬಳ್ಳಿಯ ಸೋದರಮಾವ, ‘ಕಂಪ್ಯೂಟರ್ ಇಂಜಿನಿಯರಿಂಗ್ ಮಾಡಿಸಿರಿ, ಯಾರ ಜೊತೆಗೂ ಮಾತಾಡುವ ಪ್ರಸಂಗ ಬರೂದಿಲ್ಲ’ ಎನ್ನುತ್ತಾರೆ. ತಂದೆಯವರಿಗೆ ಬಿಎಸ್ಸಿ ಕೃಷಿ ಓದಿಸುವ ಆಸೆ. ತಾಯಿಯವರು ‘ಬಾಯಿ ಸತ್ತ ಹುಡುಗಿ, ಎಲ್ಲಿ ಹೋದರೂ ಕಷ್ಟ’ ಎಂದು ಚಿಂತಿಸುತ್ತಾರೆ. ನನಗೆ ಗಣಿತ ಇಷ್ಟ. ನನ್ನ ಸ್ವಭಾವಕ್ಕೆ ಹೊಂದುವ ಪದವಿ ಯಾವುದು?
– ಹೆಸರು ಬೇಡ, ಬ್ಯಾಡಗಿ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮಾತು ಕಡಿಮೆ ಎಂಬ ಸಂಗತಿಗಿಂತ ಹೆಚ್ಚಾಗಿ, ರಾತ್ರಿ ಹನ್ನೊಂದರವರೆಗೆ ಕುಳಿತು ತೂಕದ ತಪ್ಪನ್ನು ಹುಡುಕಿದ ಸಂಗತಿ. ಯಾರೂ ಹೇಳದೆ, ಅಂಕದ ಆಸೆಯೂ ಇಲ್ಲದೆ, ಹೊತ್ತು ಹೋದದ್ದೇ ತಿಳಿಯದಂತೆ ಮಾಡಿದ ಕೆಲಸ ಯಾವುದು ಎಂದು ನಾನು ಈ ಅಂಕಣಕ್ಕೆ ಬರೆಯುವ ಬಹಳ ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಹೆಚ್ಚಿನವರಿಗೆ ಉತ್ತರ ನೆನಪಾಗುವುದಿಲ್ಲ. ನೀವು ಕೇಳುವ ಮೊದಲೇ ಬರೆದಿದ್ದೀರಿ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು 1921ರಲ್ಲಿ ಮುಂದಿಟ್ಟ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರು ಅದನ್ನು ಮನಸ್ಸಿನ ಒಲವು ಒಳಗಿನತ್ತಲೋ ಹೊರಗಿನತ್ತಲೋ ಎಂಬ ಅರ್ಥದಲ್ಲಿ ಬಳಸಿದರೇ ಹೊರತು ಕುಂದು ಎಂಬ ಅರ್ಥದಲ್ಲಿ ಅಲ್ಲ. ಜಾತ್ರೆಯ ಮರುದಿನ ಒಬ್ಬರೇ ಇರಬೇಕೆನಿಸುವುದು ಆ ಒಲವಿನ ಲಕ್ಷಣ. ಆದರೆ ನಾಲ್ಕು ಜನರೆದುರು ನಿಲ್ಲಬೇಕೆಂದಾಗ ಎದೆ ಹೊಡೆದುಕೊಂಡು, ಊಟ ಸೇರದೆ, ಪರೀಕ್ಷೆಯನ್ನೇ ತಪ್ಪಿಸುವಷ್ಟು ಅಂಜಿಕೆಯಾಗುತ್ತಿದ್ದರೆ ಅದು ಬೇರೆಯೇ ವಿಷಯ, ಮತ್ತು ಅದಕ್ಕೆ ಪದವಿಯ ಆಯ್ಕೆ ಮದ್ದಲ್ಲ. ಹಾಗೇನಾದರೂ ಇದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ನಿಮ್ಮ ಪತ್ರದಲ್ಲಿ ಅಂಥ ಸುಳಿವು ನನಗೆ ಕಾಣಲಿಲ್ಲ.

ಇನ್ನು ನಿಮ್ಮ ಮಾವನವರ ಮಾತು. ಅವರ ಕಳಕಳಿ ದೊಡ್ಡದು, ತಿಳಿವಳಿಕೆ ಮಾತ್ರ ಹಳೆಯದು. ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬರೇ ಕುಳಿತು ಕೋಡ್ ಬರೆಯುವ ಹೊತ್ತು ಇದೆಯಾದರೂ, ಅನೇಕ ಕಡೆ ದಿನ ಶುರುವಾಗುವುದೇ ತಂಡದ ಸಭೆಯಿಂದ. ಕೆಲಸ ಸಿಗುವ ಮೊದಲೇ ಹಲವು ಕಂಪನಿಗಳು ಗುಂಪು ಚರ್ಚೆಗೆ ಕೂರಿಸುತ್ತವೆ. ಕಂಪ್ಯೂಟರ್ ಇಷ್ಟವಿದ್ದು ಆ ಪದವಿಗೆ ಹೋದರೆ ಇವನ್ನೆಲ್ಲ ನಿಭಾಯಿಸಬಹುದು. ಬರೀ ಮಾತು ತಪ್ಪುತ್ತದೆಂದು ಹೋದರೆ ಎರಡನೆಯ ವರ್ಷಕ್ಕೇ ಬೇಸರ ಬರುತ್ತದೆ.

ತಂದೆಯವರ ಆಸೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ನಿಮ್ಮ ಜಿಲ್ಲೆಯ ಹನುಮನಮಟ್ಟಿಯಲ್ಲಿಯೇ ಇದೆ, ಕೃಷಿಕ ಕುಟುಂಬದವರಿಗೆ ಪ್ರತ್ಯೇಕ ಮೀಸಲಾತಿಯೂ ಇದೆ. ಹೊಲ ನಿಮ್ಮ ಮನೆಯವರ ಹೆಸರಿನಲ್ಲಿ ಉಂಟೋ ಇಲ್ಲವೋ, ಬರೀ ದಲಾಲಿಯೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಗಿಡ, ಮಣ್ಣು, ಬೀಜಗಳ ನಡುವಿನ ಪದವಿ ಮೌನಿಗಳಿಗೆ ಹೇಳಿ ಮಾಡಿಸಿದ್ದು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ನಾಲ್ಕು ವರ್ಷದ ಈ ಪದವಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂಬುದೊಂದು ಇದೆ: ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು, ಮನೆಮನೆಗೆ ಹೋಗಿ, ರೈತರ ಎದುರು ಬೀಜೋಪಚಾರ ಮಾಡಿ ತೋರಿಸಿ, ಅವರು ಕೇಳಿದ್ದಕ್ಕೆಲ್ಲ ಅಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಎದುರಿಗೆ ಗಿಡವೊಂದಿದ್ದು, ಅದರ ಎಲೆ ಏಕೆ ಮುದುಡಿದೆ ಎಂದು ವಿವರಿಸುವಾಗ ಮಾತು ತಾನಾಗಿ ಬರುವವರು ಬಹಳ ಮಂದಿ ಇದ್ದಾರೆ. ಸುಮ್ಮನೆ ಹರಟೆ ಹೊಡೆಯಲು ಬಾರದವರಿಗೂ ವಿಷಯ ಕೈಯಲ್ಲಿದ್ದಾಗ ನಾಲಿಗೆ ತಡವರಿಸುವುದಿಲ್ಲ. ನೀವು ಯಾವ ಬಗೆಯವರು ಎಂಬುದು ನಿಮಗೇ ಗೊತ್ತು. ಆದರೆ ನಿಮ್ಮ ಇಡೀ ಪತ್ರದಲ್ಲಿ ಬೆಳೆಯ ಸುದ್ದಿ ಒಂದು ಸಾಲೂ ಇಲ್ಲ, ಲೆಕ್ಕದ ಸುದ್ದಿ ಮಾತ್ರ ಇದೆ ಎಂಬುದನ್ನು ನಾನು ಹೇಳಲೇಬೇಕು.

ಆದ್ದರಿಂದ ನನ್ನ ಒಲವು ಗಣಿತದ ಜೊತೆಗೆ ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಇರುವ ಬಿಎಸ್ಸಿಯ ಕಡೆಗಿದೆ. 2024-25ರ ಸಾಲಿನಿಂದ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿಲ್ಲವೆಂದು ಹಿಂಜರಿಯಬೇಕಿಲ್ಲ, ಗಣಿತ ಗಟ್ಟಿ ಇದ್ದರೆ ಸಾಕು. ನೂರಾರು ಅಂಕಿಗಳಲ್ಲಿ ಯಾವುದು ಜಾಗ ತಪ್ಪಿ ಕುಳಿತಿದೆ, ಅದು ಬರಹದ ತಪ್ಪೋ ಅಥವಾ ನಿಜವಾಗಿಯೂ ಹಾಗಿದೆಯೋ ಎಂದು ಹುಡುಕುವುದು ಈ ಶಾಸ್ತ್ರದ ನಿತ್ಯದ ಕೆಲಸ, ಅದನ್ನೇ ನೀವು ಅಂಗಡಿಯ ಗಾದಿಯ ಮೇಲೆ ಕುಳಿತು ಮಾಡಿದ್ದೀರಿ. ಈ ಶಾಸ್ತ್ರದಲ್ಲಿ ಜಗತ್ತೇ ಗೌರವಿಸಿದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಿಮ್ಮ ಜಿಲ್ಲೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಹೂವಿನಹಡಗಲಿಯಲ್ಲಿ ಎಂಬುದನ್ನು ನಮ್ಮ ಭಾಗದ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಎಂಬ ಬೇಸರ ನನಗಿದೆ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಬಹುದು. ಕೇಂದ್ರ ಸರಕಾರದ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆಯನ್ನೂ ಬರೆಯಬಹುದು. ಅದರಲ್ಲಿ ಲಿಖಿತ ಪರೀಕ್ಷೆಗೆ 1000 ಅಂಕ, ಸಂದರ್ಶನಕ್ಕೆ 200. ಮಾತಿನ ಪಾಲು ಅಲ್ಲಿಯೂ ಇದೆ, ಆದರೆ ಅದು ನೀವು ತಯಾರಾಗಿ ಹೋಗಿ ಆಡುವ ಮಾತು. ಪದವಿಯಲ್ಲಿಯೂ ಪ್ರಾಯೋಗಿಕ ಪರೀಕ್ಷೆಯ ಮೌಖಿಕ ಪ್ರಶ್ನೆಗಳು ತಪ್ಪುವುದಿಲ್ಲ. ಅದಕ್ಕೆ ಈಗಿನಿಂದಲೇ, ಲೆಕ್ಕ ಬಿಡಿಸಿದ ಮೇಲೆ ಹೇಗೆ ಬಿಡಿಸಿದೆ ಎಂಬುದನ್ನು ಒಬ್ಬ ಗೆಳತಿಗೆ ಬಾಯಿಬಿಟ್ಟು ಹೇಳುವ ರೂಢಿ ಇಟ್ಟುಕೊಳ್ಳಿರಿ.

ತಾಯಿಯವರ ಚಿಂತೆಗೆ ಉತ್ತರ ನಿಮ್ಮ ಊರಿನ ಮಾರುಕಟ್ಟೆಯಲ್ಲಿಯೇ ಇದೆ. ಬ್ಯಾಡಗಿಯಲ್ಲಿ ಇ-ಟೆಂಡರ್ ನಡೆಯುವುದರಿಂದ ಕೂಗಿ ಸವಾಲು ಮಾಡುವ ಪ್ರಸಂಗವೇ ಇಲ್ಲ. ಖರೀದಿದಾರರು ಲಾಟಿನ ಮುಂದೆ ಬಗ್ಗಿ, ಒಂದು ಹಿಡಿ ಕಾಯಿ ಎತ್ತಿ, ಬಣ್ಣ, ಸುಕ್ಕು, ತೇವ ನೋಡಿ, ತುಟಿ ಬಿಚ್ಚದೆ ದರ ನಮೂದಿಸಿ ಮುಂದಿನ ಲಾಟಿಗೆ ಹೋಗುತ್ತಾರೆ. ಅವರನ್ನು ಬಾಯಿ ಸತ್ತವರು ಎಂದು ಯಾರೂ ಅನ್ನುವುದಿಲ್ಲವೆಂದು ತಾಯಿಯವರಿಗೆ ತಂದೆಯವರೇ ಹೇಳಲಿ.

ಕೊನೆಯದಾಗಿ, ನೀವು ಕೇಳದಿದ್ದರೂ ಒಂದು ಮಾತು. ನಿಮ್ಮಂಥ ಸ್ವಭಾವದವರನ್ನು ತರಗತಿಗಿಂತ ಹೆಚ್ಚು ದಣಿಸುವುದು ವಸತಿನಿಲಯದ ಕೋಣೆ. ಒಂದೇ ಕೋಣೆಯಲ್ಲಿ ನಾಲ್ವರು, ಇರುಳೆಲ್ಲ ದೀಪ, ಫೋನಿನ ಸದ್ದು. ಓದು ಚೆನ್ನಾಗಿದ್ದೂ ಇದೇ ಕಾರಣಕ್ಕೆ ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ಧಾರವಾಡಕ್ಕೆ ದಿನವೂ ಓಡಾಡುವುದು ಕಷ್ಟವಾದ್ದರಿಂದ, ಪ್ರವೇಶಕ್ಕೆ ಮೊದಲು ತಂದೆಯವರೊಂದಿಗೆ ಒಂದು ದಿನ ಹೋಗಿ ಕೋಣೆ ನೋಡಿರಿ, ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿರಿ. ಹಾವೇರಿಯ ಕಾಲೇಜಿನಲ್ಲಿ ನಿಮಗೆ ಬೇಕಾದ ವಿಷಯಗಳು ಒಟ್ಟಿಗೆ ಸಿಗುವುದಾದರೆ, ಮನೆಯಿಂದಲೇ ಹೋಗಿ ಬಂದು, ಸಂಜೆ ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಓದುವ ಅನುಕೂಲವನ್ನೂ ತೂಗಿ ನೋಡಿರಿ.