ಬಾಯಿ ಒಣಗುವುದು ಬಿಸಿಲಿನಿಂದಲೋ, ಇ-ಸಿಗರೇಟಿನಿಂದಲೋ?

ಪ್ರಶ್ನೆ: ನನಗೆ 26 ವರ್ಷ. ರಾಯಚೂರಿನ ಹತ್ತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಿಗರೇಟು ಬಿಡಲೆಂದು ಒಂದು ವರ್ಷದಿಂದ ಸಿಹಿ ಹಣ್ಣಿನ ರುಚಿಯ ಇ-ಸಿಗರೇಟು ಸೇದುತ್ತಿದ್ದೇನೆ. ಜೊಲ್ಲು ಅಂಟಂಟಾಗಿದ್ದು, ಜೋಳದ ರೊಟ್ಟಿ ನುಂಗಲೂ ನೀರು ಬೇಕಾಗುತ್ತದೆ. ಮನೆಯವರು ಬಿಸಿಲಿನ ಝಳವೆನ್ನುತ್ತಾರೆ. ಆದರೆ ಚಳಿಗಾಲದಲ್ಲೂ ಹೀಗೆಯೇ ಇತ್ತು. ಹಲ್ಲುಜ್ಜುವಾಗ ರಕ್ತ ಬರುವುದಿಲ್ಲ, ಹಾಗಾದರೆ ಒಸಡು ಗಟ್ಟಿಯಾಗಿದೆ ಎಂದುಕೊಳ್ಳಬಹುದೇ?

ಉತ್ತರ: ಚಳಿಗಾಲದ ಮಾತು ಬರೆದು ನೀವೇ ಅರ್ಧ ಉತ್ತರ ಕೊಟ್ಟಿದ್ದೀರಿ. ಇ-ಸಿಗರೇಟಿನ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎರಡೂ ತೇವವನ್ನು ಹೀರಿಕೊಳ್ಳುವ ಗುಣದವು. ಪ್ರತಿ ಬಾರಿ ಸೇದಿದಾಗಲೂ ಅವು ಬಾಯಿಯ ಒಳಪದರದ ಪಸೆಯನ್ನು ಎಳೆದುಕೊಳ್ಳುತ್ತವೆ. ಜೊಲ್ಲನ್ನು ನಾವು ಹಗುರವಾಗಿ ಕಾಣುತ್ತೇವೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸುರಿಯುವ ಈ ರಸವೇ ಊಟದ ನಂತರದ ಆಮ್ಲವನ್ನು ತಣಿಸಿ, ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಮರಳಿಸುತ್ತದೆ. ಅದು ಕಡಿಮೆಯಾಗಿ ಬಾಯಿಯ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಂತರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಅದರ ಮೇಲೆ, ಸಿಹಿ ರುಚಿಯ ಮಂದ ದ್ರವದ ಲೇಪವಿದ್ದಲ್ಲಿ ಹುಳುಕು ತರುವ ಬ್ಯಾಕ್ಟೀರಿಯಾ ಹಲ್ಲಿಗೆ ಸುಲಭವಾಗಿ ಅಂಟುತ್ತದೆ.

ರಕ್ತ ಬಾರದಿರುವುದನ್ನು ಮಾತ್ರ ನಂಬಬೇಡಿ. ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ, ಒಳಗೆ ಉರಿಯೂತವಿದ್ದರೂ ಹೊರಗೆ ರಕ್ತ ಕಾಣದಿರಬಹುದು. ದಂತವೈದ್ಯರು ಸಣ್ಣ ಕಡ್ಡಿಯಿಂದ ಒಸಡಿನ ಸಂದಿನ ಆಳವನ್ನು ಅಳೆದಾಗಲೇ ನಿಜ ತಿಳಿಯುತ್ತದೆ. ನಮ್ಮ ಕಡೆಯ ಇನ್ನೊಂದು ತೊಡಕೂ ಇದೆ: ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಅನೇಕರ ಹಲ್ಲಿನಲ್ಲಿ ಚಿಕ್ಕಂದಿನಿಂದಲೇ ಬಿಳಿ, ಕಂದು ಕಲೆಗಳಿರುತ್ತವೆ. ಹಾಗಾಗಿ ಒಸಡಿನ ಅಂಚಿನಲ್ಲಿ ಹೊಸದಾಗಿ ಮೂಡುವ ಸುಣ್ಣದಂಥ ಬಿಳಿ ಮಚ್ಚೆ ಹುಳುಕಿನ ಮೊದಲ ಗುರುತಾಗಿದ್ದರೂ, ಹಳೆಯ ಕಲೆಯೆಂದೇ ಬಿಟ್ಟುಬಿಡುತ್ತಾರೆ.

ನೀರನ್ನು ಗುಟುಕುಗುಟುಕಾಗಿ ಕುಡಿಯಿರಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯಿರಿ, ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಸಕ್ಕರೆ ಕಾಯಿಲೆಯಿಂದಲೂ ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುವುದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿ. ಇ-ಸಿಗರೇಟಿನ ಮಾರಾಟ ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ; ಕದ್ದು ಬರುವ ದ್ರವದಲ್ಲಿ ಏನಿದೆ ಎಂದು ಹೇಳುವವರಿಲ್ಲ. ಅದನ್ನು ಬಿಟ್ಟು ಮತ್ತೆ ಸಿಗರೇಟಿಗೆ ಮರಳದಿರಲು, ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಬಹುದು. ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ.