ತೋಟದ ಅನುಭವ ಇದ್ದರೆ ಸಾಲದೇ, ವಿಜ್ಞಾನ ಯಾಕೆ ಗೊತ್ತಿರಬೇಕು?

ಕೊಡಗಿನ ಕರಿಮೆಣಸು ಬೆಳೆಗಾರರಿಗೆ ಬೋರ್ಡೋ ದ್ರಾವಣವೇ ಇದಕ್ಕೆ ಉತ್ತರ. ಮಳೆಗಾಲಕ್ಕೆ ಮುಂಚೆ ಸೊರಗು ರೋಗ ತಡೆಯಲು ಹೊಡೆಯುವ ಶೇ. 1ರ ದ್ರಾವಣದ ಅಳತೆ ಬಾಯಿಪಾಠ: 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎಡವಟ್ಟಾಗುವುದು ಕಾರಣ ಗೊತ್ತಿಲ್ಲದ ಕಡೆ.

ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ತಿರುವಬೇಕು. ಉಲ್ಟಾ ಸುರಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ಎಲೆಗೂ ಸರಿಯಾಗಿ ಅಂಟುವುದಿಲ್ಲ. ಸುಣ್ಣ ಹಳೆಯದಾಗಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸತ್ವ ಕಳೆದುಕೊಂಡಿರುತ್ತದೆ. ಆಗ ಅಳತೆ ಸರಿಯಿದ್ದರೂ ತಾಮ್ರ ಬಿಡಿಯಾಗಿ ಉಳಿದು ಚಿಗುರು ಸುಡುತ್ತದೆ. ಬೈಗುಳ ಮಾತ್ರ ತುತ್ತ ಮಾರಿದ ಅಂಗಡಿಯವನಿಗೆ!

ಪರೀಕ್ಷೆ ಸುಲಭ. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಕಬ್ಬಿಣ ಕರಗಿ ತಾಮ್ರವನ್ನು ಹೊರಹಾಕುವುದರಿಂದ ಬರುವ ಬಣ್ಣ ಅದು. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ಕೇ ಬೇಕು ಎನ್ನುವುದೂ ಇದೇ ಕಾರಣಕ್ಕೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು.

ಮಣ್ಣಿನ ವರದಿಯದ್ದೂ ಇದೇ ಕಥೆ. ಮಣ್ಣಿನ ಹುಳಿ ಅಳೆಯುವ ಪಿಎಚ್ ಅಂಕಿ 6ರಿಂದ 5ಕ್ಕೆ ಇಳಿದರೆ 'ಒಂದೇ ಪಾಯಿಂಟು' ಎಂದು ಬಿಡುತ್ತಾರೆ; ಆಮ್ಲತೆ ಏರಿದ್ದು 10 ಪಟ್ಟು.